ದುಬೈಗೆ ಹೋಗದ ಮಾಮಾ

ಮೇ ೧೪, ಬುಧವಾರ. ಕಂಗ್ಟಿ

ಅವ್ವ ಸಂಜೆಯಿಂದ ಮಾತು ಬಿಟ್ಟಿದ್ದಾಳೆ. ಬಿಡಲಿ.

ನಾನು ಗಂಡನನ್ನು ಬಿಟ್ಟು ಬಂದದ್ದು ಗೊತ್ತಾಗಬಾರದೆಂದು "ಅಳಿಯ ದುಬೈಗೆ ಹೋಗ್ಯಾನ" ಎಂದು ಊರಿಗೆಲ್ಲ ಹೇಳಿದವಳು ಅವಳೇ. ಇವತ್ತು ಅಣ್ಣನ ಮಕ್ಕಳ ಜೊತೆ ದಿನವಿಡೀ ಕುರಿಗಳ ಹಿಂದೆ ಅಲೆದೆ. ಬೇವಿನ ನೆರಳಲ್ಲಿ ರೊಟ್ಟಿ ಗಂಟು ಬಿಚ್ಚಿದಾಗ ಅಮರ ಕೇಳಿದ:

"ಅತ್ತಿ, ಮಾಮಾ ದುಬೈದಿಂದ ನಮಗೇನ್ ತರ್ತಾನ?"

"ಏನೂ ತರಂಗಿಲ್ಲ. ಆತ ತಾಂಡೂರದಾಗೇ ಅದಾನ. ನನಗ ಹೊಡೀತಿದ್ದ, ಬಿಟ್ಟು ಬಂದೀನಿ."

ಪುಟ್ಟ ಶಿರೀಷಾ ತಿನ್ನುವುದನ್ನು ನಿಲ್ಲಿಸಿದಳು. "ಮತ್ತ ಹೋಗ್ತೀಯೇನು?"

"ಇಲ್ಲ."

"ಚೊಲೋ ಆತು" ಎಂದು ಮತ್ತೆ ರೊಟ್ಟಿ ಮುರಿದಳು. ಇಷ್ಟು ದಿನ ಯಾರೂ ನನಗೆ ಹಾಗೆ ಅಂದಿರಲಿಲ್ಲ.

ಸಂಜೆ ಕಟ್ಟೆಯ ಮೇಲೆ ನೆರೆಯ ಹೆಂಗಸರು ಕೂತಿದ್ದಾಗ ಶಿರೀಷಾಳೇ ಸಾರಿದಳು: "ಮಾಮಾ ದುಬೈದಾಗಿಲ್ಲ! ಅತ್ತಿನೇ ಬಿಟ್ಟು ಬಂದಾಳ!"

ಅವ್ವ ನನ್ನನ್ನು ಒಳಗೆ ಎಳೆದಳು. "ಸಣ್ಣ ಮಕ್ಕಳಿಗಿ ಇಂಥಾದ್ದು ಹೇಳ್ತಾರೇನ? ಮಂದಿ ಏನಂದಾರು?"

"ಮಂದಿಗೂ ನಾನೇ ಹೇಳ್ತೀನವ್ವ" ಎಂದು ಹೊರಗೆ ಹೋಗಿ, ಆ ಹೆಂಗಸರ ನಡುವೆಯೇ ಕೂತೆ. ಎಲ್ಲವನ್ನೂ ಹೇಳಿದೆ.

ನಾಳೆ ಮಕ್ಕಳನ್ನು ನಾರಾಯಣಖೇಡದ ಬಜಾರಿಗೆ ಕರೆದೊಯ್ಯುತ್ತೇನೆ. ಅಲ್ಲಿ ಗುರುತಿನವರು ಬಹಳ. ಕೇಳಲಿ.