ಅತ್ತೆಯವರ ಪಾಪನಿವೇದನೆ

ಜಯನಗರ, ಮೂರನೇ ಬ್ಲಾಕ್
೧೮-೧೨-೧೯೬೧, ಸೋಮವಾರ

ಹಾರೋಬೆಲೆಯ ಅಕ್ಕ ಆರೋಗ್ಯಮ್ಮನಿಗೆ ತಂಗಿ ಲೂರ್ದಮ್ಮನ ಸ್ತೋತ್ರಗಳು.

ಕಾಗದ ಹರಿಯಬೇಡ. ಎರಡು ವರ್ಷ ಮಾತು ಬಿಟ್ಟವಳು ಈಗ್ಯಾಕೆ ಬರೆದಳು ಅಂತ ಮೂಗು ಮುರಿಯುತ್ತೀಯ, ಗೊತ್ತು. ಮುರಿ, ಆದರೆ ಪೂರ್ತಿ ಓದಿದ ಮೇಲೆ ಮುರಿ. ಹೇಳಬೇಕಾದ್ದು ಮೊದಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ಕಾಯಿಲೆ ಜೋರಾದಾಗ ನೀನು ನನಗೆ ಕಾರ್ಡು ಹಾಕಿದ್ದು ನಿಜ. ಅವರನ್ನು ಮಣ್ಣು ಮಾಡಿದ ದಿನ, ನೀನು ಹಾಕಲೇ ಇಲ್ಲ, ಸುಳ್ಳಿ ನೀನು ಅಂತ ಊರೆಲ್ಲ ಕೇಳುವ ಹಾಗೆ ಕೂಗಾಡಿದೆನಲ್ಲ, ತಪ್ಪು ನನ್ನದು. ಕಾರ್ಡು ಈ ಮನೆಗೆ ಬಂದಿತ್ತು. ನನ್ನ ಕೈಗೆ ಸೇರಲಿಲ್ಲ, ಅದೂ ನಿಜ.

ಹೇಗೆ ಗೊತ್ತಾಯಿತು ಅಂತ ಮಾತ್ರ ಕೇಳಬೇಡ. ಯಾರಿಗೂ ಹೇಳಬಾರದು ಅಂತ ಚರ್ಚಿನ ಸ್ವಾಮಿಗಳ ಕಟ್ಟಪ್ಪಣೆಯಾಗಿದೆ.

ಬೇರೆ ಸಮಾಚಾರ ಬರೆಯುತ್ತೇನೆ. ಕ್ರಿಸ್ಮಸ್ ಹಬ್ಬಕ್ಕೆ ಇನ್ನು ಒಂದು ವಾರ. ಬಾಲಯೇಸುವನ್ನು ಮಲಗಿಸುವ ಗೋದಲಿಗೆ ಅಂತ ತಟ್ಟೆಯಲ್ಲಿ ರಾಗಿ ಮೊಳಕೆ ಹಾಕಿದ್ದೇನೆ. ಹುಲ್ಲು ತಂದುಕೊಡಲು ಸಾರಕ್ಕಿಯಿಂದ ಹಾಲು ತರುವ ಮುನಿಲಕ್ಷ್ಮಮ್ಮನಿಗೆ ಹೇಳಿದ್ದೇನೆ. ಅತ್ತೆಯವರ ಕಿವಿ ಪೂರ್ತಿ ಮಂದವಾಗಿದೆ. ತನಗೆ ಕೇಳಿಸದ್ದು ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡಿದ್ದಾರೆ ಪುಣ್ಯಾತ್ಗಿತ್ತಿ! ಗುಟ್ಟು ಅಂತ ನನ್ನ ಕಿವಿಯಲ್ಲಿ ಉಸುರಿದರೆ ಬೀದಿಯ ಕೊನೆಯವರು ತಿರುಗಿ ನೋಡುತ್ತಾರೆ.

ಹಬ್ಬಕ್ಕೆ ಮುಂಚಿನ ಆಗಮನ ಕಾಲ ಅಲ್ಲವೇ, ಶನಿವಾರ ಸಂಜೆ ಪಾಪನಿವೇದನೆಗೆ ಇಬ್ಬರೂ ಗುಡಿಗೆ ಹೋಗಿದ್ದೆವು. ಸಾಲಿನಲ್ಲಿ ಹನ್ನೆರಡು ಹೆಂಗಸರು. ಅತ್ತೆಯವರು ಮಂಡಿಯೂರಿದ್ದೇ ತಡ, ಶುರುವಾಯಿತು. ಯಾರ ಪಾಪ ಅಂದುಕೊಂಡೆ? ನನ್ನದು! ಸೊಸೆ ಜಪಮಾಲೆ ಹೇಳುವಾಗ ತೂಕಡಿಸುತ್ತಾಳೆ, ಮಾಂಸ ಮುಟ್ಟಬಾರದ ಶುಕ್ರವಾರ ಹಿಂದಿನ ದಿನದ ಕೋಳಿಸಾರು ನೆಕ್ಕಿದಳು, ನನಗೆ ಗಟ್ಟಿ ಮೊಸರು ಕೊಡುವುದಿಲ್ಲ. ನಿಮ್ಮ ಪಾಪ ಹೇಳಿ ಅಮ್ಮಾ ಅಂತ ಸ್ವಾಮಿಗಳು ಕೂಗಿ ಕೂಗಿ ಸುಸ್ತಾದರು. ಬರ್ತೀನಿ ಇರಿ ಸ್ವಾಮಿ, ಅದೂ ಇದೆ ಅಂದರು ಇವರು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಕಿಸಿಕಿಸಿ ನಗುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಹೇಳಿದರು: ಸೊಸೆಯ ಅಪ್ಪನಿಗೆ ಕೊನೆಗಾಲ, ಬೇಗ ಬರಬೇಕು ಅಂತ ಕಾರ್ಡು ಬಂತು, ಪೋಸ್ಟಿನವನು ಓದಿ ಹೇಳಿದ, ನಾನು ಬಚ್ಚಿಟ್ಟೆ ಅಂತ.

ಅಯ್ಯೋ, ಬರೆದೇಬಿಟ್ಟೆ ನೋಡು! ಗೀಟು ಹೊಡೆದು ಅಳಿಸಿದರೂ ನೀನು ಬೆಳಕಿಗೆ ಹಿಡಿದು ಓದುವವಳೇ. ಹೋಗಲಿ, ಇದನ್ನೂ ಮುಂದಿನ ಸಲ ಸ್ವಾಮಿಗಳಿಗೆ ಹೇಳಿಕೊಂಡರಾಯಿತು.

ಕಾರ್ಡು ಬಂದ ವಾರದ ಭಾನುವಾರ ನಾದಿನಿ ಫಿಲೋಮಿನಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕಾರ್ಡು ಕಂಡರೆ ನಾನು ಹೊರಟುಬಿಡುತ್ತೇನೆ, ಅಡುಗೆಗೆ ಯಾರು? ಸೋಮವಾರ ಕೊಟ್ಟರಾಯಿತು ಅಂದುಕೊಂಡರಂತೆ. ಭಾನುವಾರ ಸಂಜೆಯೇ ಟೆಲಿಗ್ರಾಂ ಬಂತಲ್ಲ. ಅಪ್ಪ ಅಲ್ಲಿ ಉಸಿರು ಬಿಡುತ್ತಿದ್ದಾಗ ನಾನಿಲ್ಲಿ ಬಂದವರಿಗೆ ಪಾಯಸ ಬಡಿಸುತ್ತಿದ್ದೆ ಅಕ್ಕ. ಇನ್ನೊಂದು ಸ್ವಲ್ಪ ಹಾಕಿಕೊಳ್ಳಿ ಅಂತ ಉಪಚಾರ ಬೇರೆ ಮಾಡಿದ್ದೆ.

ಇದಕ್ಕೆ ಸ್ವಾಮಿಗಳು ಕೊಟ್ಟ ಪ್ರಾಯಶ್ಚಿತ್ತ ಹತ್ತು ನಮೋ ಮರಿಯಾ ಜಪ. ಹತ್ತೇ ಹತ್ತು! ಆಮೇಲೆ ಹೊರಗೆ ಬಂದು, ಕೇಳಿಸಿಕೊಂಡವರು ತುಟಿ ಬಿಚ್ಚಬೇಡಿ ಅಂತ ನಮಗೆಲ್ಲ ಗದರಿಸಿದರು. ನಾನು ಪಾಪನಿವೇದನೆ ಮಾಡದೆ ಎದ್ದು ಬಂದೆ. ಅತ್ತೆಯವರು ಮನೆಗೆ ಬಂದು ಎರಡು ಮುದ್ದೆ ಉಂಡು ಮಲಗಿದರು.

ನಿನ್ನೆ ಪೂಜೆಯ ಪ್ರಸಂಗದಲ್ಲಿ ಸ್ವಾಮಿಗಳು, ದೇವರ ವರಪ್ರಸಾದವನ್ನು ಯಾರೂ ದುಡಿದು ಪಡೆಯಲಾಗದು, ಅದು ಪುಕ್ಕಟೆ ಸಿಗುವಂಥದ್ದು ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ದೇವರು ಪುಕ್ಕಟೆ ಕೊಡಲಿ, ಬೇಡ ಅನ್ನಲು ನಾನ್ಯಾರು? ಆದರೆ ಅಪ್ಪನನ್ನು ಕಳಕೊಂಡವಳು, ಅಕ್ಕನನ್ನೂ ಕಳಕೊಂಡವಳು ಇಲ್ಲೊಬ್ಬಳಿದ್ದಾಳೆ, ಅವಳನ್ನೂ ಒಂದು ಮಾತು ಕೇಳಬೇಡವೇ? ಎರಡು ದಿನದಿಂದ ಪಾತ್ರೆ ಕುಕ್ಕುತ್ತಿದ್ದೇನೆ. ಕಿವಿ ಕೇಳದವರ ಮುಂದೆ ಕುಕ್ಕಿ ಏನು ಬಂತು!

ಅದಕ್ಕೇ ಬರೆದೆ. ಭಾನುವಾರ ಕನಕಪುರದ ಬಸ್ಸು ಹಿಡಿದು ಬಾ. ಮೊದಲು ನಿನ್ನ ಕಾಲು ಹಿಡಿಯುತ್ತೇನೆ. ಆಮೇಲೆ ನೀನು ಅತ್ತೆಯವರಿಗೆ ಎದುರಿಗೆ ನಿಂತು ಚೆನ್ನಾಗಿ ಬೈಯಬೇಕು. ನನ್ನ ಬಾಯಿ ಕಟ್ಟಿದೆ, ನಿನ್ನದು ಕಟ್ಟಿಲ್ಲ. ಕಾರ್ಡು ಏನಾಯಿತು ಅಂತ ಕೇಳುವ ಹಕ್ಕು ಬರೆದವಳಿಗಿದೆ.

ನಿನ್ನ ದಾರಿ ಕಾಯುತ್ತಿರುವ ಹಠಮಾರಿ ತಂಗಿ,
ಲೂರ್ದು

ವಿ.ಸೂ.: ಲಕೋಟೆ ಅಂಟಿಸಲು ಹೊರಟಿದ್ದೆ, ಅತ್ತೆಯವರು ಬಂದು ನನ್ನ ಮಡಿಲಲ್ಲಿ ಒಂದು ಕಾರ್ಡು ಇಟ್ಟರು. ಯೇಸುವಿನ ತಿರುಹೃದಯದ ಪಟದ ಹಿಂದೆ ಇಟ್ಟಿದ್ದರಂತೆ. ಕೊಟ್ಟುಬಿಡಿ ಅಂತ ಸ್ವಾಮಿಗಳೂ ಹೇಳಿದ್ದರಂತೆ, ಕೊಡಲು ಎರಡು ದಿನ ಧೈರ್ಯ ಬರಲಿಲ್ಲವಂತೆ. ಇಷ್ಟು ಹೇಳಿ ಗೋಡೆ ಹಿಡಿದು ನಿಂತರು.

ನಿನ್ನ ಅಕ್ಷರವೇ ಅಕ್ಕ. ಕೊನೆಯ ಸಾಲು ನೆನಪಿದೆಯಾ ನಿನಗೆ? "ಲೂರ್ದುವಿಗೆ ಬರಲು ಆಗದೆ ಹೋದರೆ ಅದಕ್ಕಾಗಿ ಯಾರನ್ನೂ ಬೈಯಬೇಡಿ ಎಂದು ಅಪ್ಪ ಹೇಳಿ ಬರೆಸಿದ್ದಾರೆ." ಬರೆದವಳು ನೀನು, ಕಾರ್ಡು ಕಂಡೂ ಬರಲಿಲ್ಲ ಅಂತ ಎರಡು ವರ್ಷ ಊರವರ ಹತ್ತಿರ ನನ್ನನ್ನು ಬೈದವಳೂ ನೀನೇ! ಅಪ್ಪ 'ಯಾರನ್ನೂ' ಅಂದುಬಿಟ್ಟಿದ್ದಾರೆ. ಅತ್ತೆಯವರನ್ನು ಬೈಯಲು ಏನೇನೋ ಜೋಡಿಸಿಟ್ಟಿದ್ದೆ, ಬಾಯಿಯನ್ನೂ ತೆರೆದೆ. ಅಪ್ಪನೇ ಅಡ್ಡ ಬಂದರೆ ನಾನೇನು ಮಾಡಲಿ ಹೇಳು. ಅಳು ಬಂತು, ಅತ್ತುಬಿಟ್ಟೆ. ಅವರೂ ಅತ್ತರು.

ಮೇಲೆ ಬೈಯಲು ಬಾ ಅಂತ ಬರೆದಿದ್ದೇನಲ್ಲ, ಅದನ್ನು ಬಿಟ್ಟು ಓದು. ಸುಮ್ಮನೆ ಬಾ.