ಎರಡನೇ ಹಾರ್ನಿಗೆ ನಿಂತ ಆಟ

ಅಪ್ಪಾ,

ಕ್ಷೇಮ ಸಮಾಚಾರ ಕೇಳುವುದಿಲ್ಲ. ನೀನು ಹೋಗಿ ಆರು ವರ್ಷವಾಯಿತು, ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾಳೆ ಅಮ್ಮ. ನೀನು ಬದುಕಿದ್ದಾಗ ಮಾಡೋಣವೆಂದರೆ ನನಗೆ ವಿಷಯವೇ ಗೊತ್ತಿರಲಿಲ್ಲ. ಮತ್ತೆ ಯಾವಾಗ ಮಾಡಲಿ?

ಸಂಡೂರಿನ ಗುಡ್ಡದ ಮೇಲೆ ನಮ್ಮ ಗಣಿ ಕ್ವಾರ್ಟರ್ಸಿನ ಕ್ಲಬ್ಬು ನೆನಪಿದೆಯಾ? ವಾರವೆಲ್ಲ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದ ನೀನು ಭಾನುವಾರ ಅಲ್ಲಿ ಚೆಸ್ ಪಂದ್ಯದ ತೀರ್ಪುಗಾರ. ಹೊಸಪೇಟೆ, ಕಂಪ್ಲಿಯಿಂದ ಆಡಲು ಬಂದವರು ಕೆಳಗಿಳಿಯಬೇಕೆಂದರೆ ಇದ್ದದ್ದು ಸಂಜೆಯ ಶಿಫ್ಟ್ ಬಸ್ಸೊಂದೇ. ಡ್ರೈವರ್ ಮೊದಲ ಹಾರ್ನ್ ಹೊಡೆದರೆ ಬೇಗ ಬೇಗ ಆಡಬೇಕು, ಎರಡನೆಯದಕ್ಕೆ ಆಟ ಬಂದ್. ಮುಗಿಯದ ಆಟದಲ್ಲಿ ಯಾರು ಗೆದ್ದರು, ಇಲ್ಲ ಡ್ರಾ ಆಯಿತೇ ಎಂದು ನೀನು ಹೇಳಬೇಕು. ಚೆಸ್ಸಿನ ನಿಯಮವನ್ನು ಬಸ್ ಡ್ರೈವರ್ ಬರೆಯುವ ಊರು ಇನ್ನೆಲ್ಲಾದರೂ ಇದೆಯೇ?

ನನ್ನ ಆ ಕೊನೆಯ ಆಟ. ನನಗೆ ಹದಿನಾರು, ಎದುರಿಗೆ ಮರಿಯಮ್ಮನಹಳ್ಳಿಯ ವೀರೇಶ. ಡ್ರಾ ಆದರೂ ಕಪ್ ನನ್ನದು. ನನ್ನ ಬಳಿ ರಾಜ ಮತ್ತು ಒಂದು ಕುದುರೆ ಉಳಿದಿದ್ದವು. ಅವನ ಬಳಿ ರಾಜ, ಒಂದು ಒಂಟೆ, ಎರಡು ಪೇದೆ. ನಾನು ಕುದುರೆಯನ್ನೇ ಕೊಟ್ಟು ನಡುವಿನ ಪೇದೆಯನ್ನು ಹೊಡೆದೆ. ಸುತ್ತ ನಿಂತವರು ಲೊಚಗುಟ್ಟಿದರು. ನನಗೆ ಒಳಗೊಳಗೇ ನಗು. ಇನ್ನು ಅವನಿಗೆ ಉಳಿದದ್ದು ಅಂಚಿನ ಪೇದೆ. ಅದು ರಾಣಿಯಾಗಬೇಕಾದ ಮೂಲೆ ಬಿಳಿ ಮನೆ, ಅವನ ಒಂಟೆ ಓಡಾಡುವುದು ಕಪ್ಪು ಮನೆಗಳಲ್ಲಿ. ಹತ್ತಿರವೇ ಇದ್ದ ನನ್ನ ರಾಜ ಆ ಮೂಲೆಯಲ್ಲಿ ಕೂತರೆ ಎಬ್ಬಿಸುವವರೇ ಇಲ್ಲ, ಆಟ ಡ್ರಾ. ಇದನ್ನು ನನಗೆ ಕಲಿಸಿದವರು ಯಾರು? "ಒಂಟೆ ಬಣ್ಣ ತಪ್ಪಿತಂದ್ರ ಮೂಲಿ ಹಿಡಿ, ಯಾರು ಬಂದ್ರೂ ಏಳಬ್ಯಾಡ" ಎಂದು ಬಾಯಿಪಾಠ ಮಾಡಿಸಿದವನು ನೀನೇ ಅಲ್ಲವೇ?

ಎರಡನೇ ಹಾರ್ನ್ ಆಯಿತು. ನೀನು ಬೋರ್ಡ್ ನೋಡಿದೆ, ನನ್ನ ಮುಖ ನೋಡಿದೆ, ಆಮೇಲೆ ಹೋಗಿ ಕ್ಲಬ್ಬಿನ ಹಳೇ ಕಂಪ್ಯೂಟರಿನಲ್ಲಿ ಕಾಯಿಗಳನ್ನು ಜೋಡಿಸಿದೆ. ಯಾವುದೋ ಸಿ.ಡಿ.ಯಲ್ಲಿ ಪುಕ್ಕಟೆ ಬಂದಿದ್ದ ಚೆಸ್ ಅದು. ಹತ್ತು ನಡೆ ಮುಂದೆ ನೋಡಿತು, ಹನ್ನೆರಡು ನೋಡಿತು. ಎಲ್ಲಿ ನಿಂತು ಎಣಿಸಿದರೂ ಅವನಿಗೆ ಒಂದು ಒಂಟೆ, ಒಂದು ಪೇದೆ ಹೆಚ್ಚು. ವೀರೇಶ ನಾಲ್ಕೂವರೆ ಅಂಕ ಮುಂದೆ ಎಂದಿತು. "ಅಪ್ಪಾ, ಮೂಲಿ..." ಎಂದು ನಾನು ಬಾಯಿ ತೆರೆದೆ.

"ಸುಮ್ನ ಕುಂದ್ರವ್ವಾ. ಮಿಷಿನ್ ಹೇಳಿದ್ಮ್ಯಾಲ ಮುಗೀತು."

ಜನ ಚಪ್ಪಾಳೆ ತಟ್ಟಿದರು, ಅವನಿಗಲ್ಲ, ನಿನಗೆ. "ಸ್ವಂತ ಮಗಳು ಅಂತ ಸೈತ ನೋಡಲಿಲ್ಲ ನೋಡ್ರಿ ಸಾಹೇಬ್ರು" ಎಂದರು. ನಮ್ಮಿಬ್ಬರಿಗಿಂತ ದೂರ ನೋಡುವ ಯಂತ್ರಕ್ಕೆ ಏನೋ ಕಂಡಿರಬೇಕು, ನನ್ನ ತಲೆಯೇ ಇಷ್ಟು ಎಂದುಕೊಂಡೆ. ಆಮೇಲೆ ನಾನು ಕಾಯಿ ಮುಟ್ಟಲಿಲ್ಲ. ಯಾಕೆ ಎಂದು ನೀನು ಒಂದು ದಿನವೂ ಕೇಳಲಿಲ್ಲ.

ಮೊನ್ನೆ ಮರಿಯಮ್ಮನಹಳ್ಳಿ ಹತ್ತಿರ ನನ್ನ ಸ್ಕೂಟಿ ಪಂಕ್ಚರ್ ಆಯಿತು. ಹೆದ್ದಾರಿ ಪಕ್ಕದ ಟೈರ್ ಅಂಗಡಿಗೆ ತಳ್ಳಿಕೊಂಡು ಹೋದರೆ ಅಲ್ಲಿದ್ದವನು ಅದೇ ವೀರೇಶ. ಮಾತು ಆ ಆಟಕ್ಕೇ ಬಂತು. ಟೈರುಗಳ ಮೇಲೆ ಮೊಬೈಲ್ ಇಟ್ಟು, ಚೆಸ್ ಆ್ಯಪ್ ತೆರೆದು ಆ ಕಾಯಿಗಳನ್ನು ಜೋಡಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಸೊನ್ನೆ ಬಂತು: ಡ್ರಾ. ಈಗಿನ ಚೆಸ್ ಎಂಜಿನ್‌ಗಳು ಎಲ್ಲವನ್ನೂ ನಡೆ ನಡೆಯಾಗಿ ಹುಡುಕುತ್ತಾ ಕೂರುವುದಿಲ್ಲ ಅಪ್ಪಾ. ಕೆಲವೇ ಕಾಯಿ ಉಳಿದ ಆಟಗಳ ಉತ್ತರವನ್ನೆಲ್ಲ ಮೊದಲೇ ಲೆಕ್ಕ ಮಾಡಿ ಇಟ್ಟಿದ್ದಾರೆ, ಮಕ್ಕಳು ಮಗ್ಗಿ ಒಪ್ಪಿಸಿದಂತೆ ಅವು ಹೇಳುತ್ತವೆ. ಮೂಲೆಯ ಗುಟ್ಟು ಗೊತ್ತಿಲ್ಲದ ಯಂತ್ರ ಇನ್ನೂ ಇಪ್ಪತ್ತು ನಡೆ ಆಳಕ್ಕೆ ಇಳಿದಿದ್ದರೂ ಅದೇ ನಾಲ್ಕೂವರೆಯನ್ನೇ ಹಿಡಿದುಕೊಂಡು ಮೇಲೆ ಬರುತ್ತಿತ್ತು. ಗೊತ್ತಿದ್ದವರಿಗೆ ಇಳಿಯುವ ಅಗತ್ಯವೇ ಇರಲಿಲ್ಲ.

ನಾನು ಗೆದ್ದವಳಂತೆ ವೀರೇಶನ ಮುಖ ನೋಡಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನನಗ ಗೊತ್ತೈತ್ರಿ ಅಕ್ಕಾರ. ಮರುದಿನ ನಿಮ್ಮಪ್ಪಾರು ನಮ್ಮನಿಗೆ ಬಂದಿದ್ರು. ಬೋರ್ಡ್ ಹಾಸಿ, ಗೆದ್ದು ತೋರ್ಸಪಾ ಅಂದ್ರು. ತಾವು ರಾಜನ್ನ ಮೂಲ್ಯಾಗ ಇಟ್ಕೊಂಡು ಕುಂತ್ರು. ಭಾಳ ಹೊತ್ತು ಆಡಿದೆ, ಎಬ್ಬಿಸಾಕ ಆಗಲಿಲ್ಲ. ಹೋಗೋವಾಗ, ನನ್ನ ಮಗಳಿಗೆ ಹೇಳಬ್ಯಾಡ ಅಂದ್ರು."

ಅಂದರೆ ನಿನಗೆ ಗೊತ್ತಿತ್ತು! ಆ ಯಂತ್ರವನ್ನು ನಾನು ಕ್ಷಮಿಸುತ್ತೇನೆ, ಅದಕ್ಕೆ ಯಾರೂ ಕಲಿಸಿರಲಿಲ್ಲ. ನಿನಗೇನಾಗಿತ್ತು? ಮಗಳ ಪರ ತೀರ್ಪು ಕೊಟ್ಟ ಎಂದು ನಾಲ್ಕು ಜನ ಆಡಿಕೊಂಡಾರು ಎಂಬ ಹೆದರಿಕೆಗೆ ಒಂದು ಪುಕ್ಕಟೆ ಸಿ.ಡಿ.ಯ ಹಿಂದೆ ಅಡಗಿ ಕೂತೆಯಾ? ಹೋಗಲಿ, ಆ ದಿನ ಬಸ್ಸಿನ ಗಡಿಬಿಡಿ ಇತ್ತು. ಮರುದಿನ ಯಾವ ಬಸ್ಸು ಕಾಯುತ್ತಿತ್ತು ಅಪ್ಪಾ? ಊಟಕ್ಕೆ ಕೂತಾಗ "ನಿಂದ ಖರೇ ಇತ್ತವ್ವಾ" ಎಂದು ಒಂದು ಮಾತು... ಕಪ್ ಯಾರಿಗೆ ಬೇಕಿತ್ತು? ಆ ಒಂದು ಮಾತಿದ್ದಿದ್ದರೆ ನಾನು ಇವತ್ತಿಗೂ ಆಡುತ್ತಿದ್ದೆ.

ಈ ಭಾನುವಾರ ಮತ್ತೆ ಟೈರ್ ಅಂಗಡಿಗೆ ಹೋಗಿದ್ದೆ. ಆ ಆಟದ ನಡೆಗಳನ್ನು ಬರೆದ ಹಾಳೆಯನ್ನು ನಾನು ಎಸೆದಿರಲಿಲ್ಲ. ವೀರೇಶ ಕೈಯ ಗ್ರೀಸ್ ಒರೆಸಿಕೊಂಡು, ತನ್ನ ಹೆಸರಿನ ಮುಂದಿದ್ದ ಗೆಲುವಿನ ಒಂದು ಅಂಕವನ್ನು ಹೊಡೆದುಹಾಕಿ, ಡ್ರಾ ಆದರೆ ಸಿಗುವ ಅರ್ಧ ಎಂದು ಬರೆದ. ನನ್ನ ಸೊನ್ನೆಯನ್ನೂ ಹೊಡೆದು ಅರ್ಧ ಮಾಡಿದ. ಇಬ್ಬರೂ ಸಹಿ ಹಾಕಿದೆವು. ತಿದ್ದಿದ ಕಡೆ ತೀರ್ಪುಗಾರನ ಸಹಿಯೂ ಇರಬೇಕು ಎಂಬುದು ಕ್ಲಬ್ಬಿಗೆ ನೀನೇ ಮಾಡಿದ ನಿಯಮ. "ಯಾರ್ದಾರ ಹಾಕಿಸೋಣೇನ್ರಿ?" ಎಂದು ಕೇಳಿದ ವೀರೇಶ. ಬೇಡ ಎಂದೆ. ಅದು ನೀನು ಹಾಕಬೇಕಾದ ಸಹಿ. ನಾನಿರುವವರೆಗೂ ಆ ಜಾಗದಲ್ಲಿ ಬೇರೆಯವರ ಪೆನ್ನು ತಾಗಲು ಬಿಡುವುದಿಲ್ಲ.