ಮೊಂತಿ ಹಬ್ಬದ ಹಂದಿಮಾಂಸ

ಜೂಂಡಲಪ್, ಪರ್ತ್
19 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಜಾಯ್ಲಿನ್,

ನಿನ್ನ ಮೊಣಕಾಲು ಈಗ ಹೇಗಿದೆ? ಆಪರೇಷನ್ ಆಗಿ ಎರಡು ತಿಂಗಳಾಯಿತು, ನಾನು ಒಂದು ಮಾತು ವಿಚಾರಿಸಲಿಲ್ಲ. ತಪ್ಪು ನನ್ನದೇ, ಕ್ಷಮಿಸು. ಬರೆಯಲು ಕುಳಿತಾಗಲೆಲ್ಲ ಮೊದಲ ಸಾಲಿನಲ್ಲೇ ಬೈಗುಳ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಇವತ್ತು ಇಗರ್ಜಿಯಿಂದ ಬಂದು, ಕಾಫಿ ಕುಡಿದು, ಸ್ವಲ್ಪ ತಣ್ಣಗಾಗಿ ಕುಳಿತಿದ್ದೇನೆ. ಎಷ್ಟು ಹೊತ್ತು ತಣ್ಣಗಿರುತ್ತೇನೋ ಹೇಳಲಾರೆ. ವಾಟ್ಸಾಪಿನಲ್ಲಿ ಹಾಕಿದರೆ ನೀನು ನೀಲಿ ಗೆರೆ ತೋರಿಸಿ ಸುಮ್ಮನಾಗುತ್ತೀ, ಅದಕ್ಕೇ ಈ ಕಾಗದ. ಮನೆಯಲ್ಲಿ ಕೊಂಕಣಿ ಆಡಿದರೂ ನಮ್ಮಿಬ್ಬರಿಗೂ ಬರೆಯಲು ಬರುವುದು ಕಿನ್ನಿಗೋಳಿಯ ಶಾಲೆಯಲ್ಲಿ ಕಲಿತ ಕನ್ನಡ ತಾನೆ. ನಿನ್ನ ಮಕ್ಕಳು ಕದ್ದು ಓದುವ ಭಯವೂ ಇಲ್ಲ.

ನನ್ನ ತಮ್ಮ ವೆಸ್ಲಿ ಒಳಗೆ ಹೋಗಿ ನಾಲ್ಕು ವರ್ಷ ದಾಟಿತು. ಇನ್ನೂ ಐದು ಬಾಕಿ. ಮೊದಲ ಅಪೀಲು ಬಿದ್ದುಹೋದದ್ದು ನಿನಗೆ ಗೊತ್ತು. ಈಗ ಚಿನ್ಮಯಿ ಎಂಬ ಮೈಸೂರಿನ ಲಾಯರು ಸಿಕ್ಕಿದ್ದಾಳೆ, ಚಿಕ್ಕ ಹುಡುಗಿ, ಆದರೆ ಮಾತು ಖಡಕ್. ಮೊದಲ ದಿನವೇ ಹೇಳಿದಳು, "ಆಂಟಿ, ಸಾಕ್ಷಿ ಸುಳ್ಳು ಹೇಳ್ದ ಅಂತ ನಾವು ಎಷ್ಟು ಕೂಗಿದ್ರೂ ಸಾಲ್ದು. ಆಗ ಕೇಳಿರದ ಹೊಸ ಸಾಕ್ಷ್ಯ ಏನಾದ್ರೂ ತಂದ್ರೆ ಮಾತ್ರ ಕೋರ್ಟು ಇನ್ನೊಂದು ಹಿಯರಿಂಗ್ ಕೊಡುತ್ತೆ." ಹೀಗೆಂದು ವಿಚಾರಣೆಯ ಟ್ರಾನ್ಸ್‌ಕ್ರಿಪ್ಟನ್ನು ನನ್ನ ಕೈಗೆ ಕೊಟ್ಟಳು. ಒಂದು ದಿಂಬಿನಷ್ಟು ದಪ್ಪ. ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಊಟದ ಬಿಡುವಿನಲ್ಲಿ ದಿನಕ್ಕೆ ಹತ್ತು ಪುಟದಂತೆ ಓದಿದೆ.

ನಿನ್ನ ಭಾವ ಗ್ರೆಗರಿ ಬೈಬಲಿನ ಮೇಲೆ ಕೈಯಿಟ್ಟು ಹೇಳಿದ್ದನ್ನು ಓದುವಾಗ ನನ್ನ ಚಪಾತಿಯನ್ನು ಡಬ್ಬಿಗೇ ವಾಪಸ್ ಹಾಕಿದೆ. "2019ರ ಸೆಪ್ಟೆಂಬರ್ ಎಂಟು, ಭಾನುವಾರ ಮಧ್ಯಾಹ್ನ ವೆಸ್ಲಿ ನನ್ನ ಮನೆಗೆ ಬಂದ. ಪೋರ್ಕ್ ಬಫಾತ್ ಎರಡು ಸಲ ಹಾಕಿಸಿಕೊಂಡು ತಿಂದ. ನಾಲ್ಕು ಪೆಗ್ ಕುಡಿದ. ಬೇಡವೆಂದರೂ ಕೇಳದೆ ತನ್ನ ಕಾರು ಹತ್ತಿ ಹೋದ." ಅದಾದ ಒಂದು ಗಂಟೆಗೆ ಆ ಕಾರು, ನಾಯಿಯನ್ನು ಕರೆದುಕೊಂಡು ನಡೆದು ಹೋಗುತ್ತಿದ್ದ ಒಬ್ಬ ಮುದುಕಿಗೆ ಹೊಡೆದು, ನಿಲ್ಲದೆ ಹೋಯಿತು. ಆ ತಾಯಿ ರಸ್ತೆಯಲ್ಲೇ ಸತ್ತಳು. ಕಾರನ್ನು ಬೆಳಿಗ್ಗೆಯೇ ಗ್ರೆಗರಿ ಕೇಳಿ ತೆಗೆದುಕೊಂಡು ಹೋಗಿದ್ದ, ತಾನು ಮನೆಯಲ್ಲೇ ಕುಡಿದು ಮಲಗಿದ್ದೆ, ಸಂಜೆ ಎದ್ದು ನೋಡಿದರೆ ಕೀಲಿ ಅಂಚೆ ಡಬ್ಬಿಯಲ್ಲಿತ್ತು ಎಂದು ವೆಸ್ಲಿ ಮೊದಲ ದಿನದಿಂದಲೂ ಹೇಳಿದ. ಕುಡುಕನ ಮಾತನ್ನು ಯಾರು ನಂಬುತ್ತಾರೆ?

ಸೆಪ್ಟೆಂಬರ್ ಎಂಟು, ಜಾಯ್ಲಿನ್! ಮೊಂತಿ ಹಬ್ಬ! ಮರಿಯಮ್ಮನವರು ಹುಟ್ಟಿದ ದಿನ, ಹೊಸ ತೆನೆಯ ಸಸ್ಯಾಹಾರದ ಊಟದ ದಿನ. ನಮ್ಮವರ ಯಾವ ಮನೆಯಲ್ಲಿ ಆ ದಿನ ಒಂದು ಒಣಮೀನಿನ ತುಂಡಾದರೂ ಒಲೆ ಹತ್ತುತ್ತದೆ? ವರ್ಷವಿಡೀ ಹಂದಿ ತಿಂದು ಮೈ ಬೆಳೆಸಿದವರೂ ಆ ದಿನ ಬಾಯಿ ಮುಚ್ಚಿಕೊಂಡು ಹಾಗಲಕಾಯಿ ತಿನ್ನುತ್ತಾರೆ. ಆ ಜೂರಿಯ ಹನ್ನೆರಡು ಮಂದಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ವೆಸ್ಲಿಗಾದರೂ ಹೊಳೆಯಬೇಕಿತ್ತು. ಆದರೆ ಇಗರ್ಜಿಯ ಮೆಟ್ಟಿಲು ಹತ್ತದವನಿಗೆ ಹಬ್ಬ ಯಾವುದು, ಹರಿದಿನ ಯಾವುದು! ಅವನಿಗೆ ಅದು ಇನ್ನೊಂದು ಭಾನುವಾರ, ಅಷ್ಟೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಗ್ರೆಗರಿ ಸುಳ್ಳು ಹೇಳಿ ಇಳಿದುಬಂದ.

ಜುಲೈಯಲ್ಲಿ ನಾನು ಬ್ರಿಸ್ಬೇನಿಗೆ ಹೋಗಿ ಅವನ ಮುಖ ನೋಡಿ ಬಂದೆ. ನಿನಗೆ ಹೇಳಿರಲಿಲ್ಲ. ಸನ್ನಿಬ್ಯಾಂಕಿನಲ್ಲಿ ಅವನ ಮನೆ ಹುಡುಕಿ ಬಾಗಿಲು ತಟ್ಟಿದರೆ, "ಓಹೋ, ಪ್ರೆಸಿಲ್ಲಾಕ್ಕ! ಬನ್ನಿ ಬನ್ನಿ" ಎಂದು ಹಲ್ಲು ಕಿರಿದ. ಊಟ ಮಾಡಲೇಬೇಕೆಂದು ಹಟ ಹಿಡಿದ. ನಾನು ನಿಂತಲ್ಲೇ ಕೇಳಿದೆ, ಮೊಂತಿ ಹಬ್ಬದ ದಿನ ನಿನ್ನ ಮನೆಯಲ್ಲಿ ಯಾವ ಹಂದಿ ಬೆಂದಿತ್ತು ಎಂದು. ಒಂದು ಕ್ಷಣ ಅವನ ಮುಖ ಇಳಿಯಿತು. ಆಮೇಲೆ ಟಿವಿಯ ಸದ್ದು ಕಡಿಮೆ ಮಾಡಿ ಏನಂದ ಗೊತ್ತೇ? "ಹಳೇದನ್ನೆಲ್ಲ ಯಾಕೆ ಕೆದಕ್ತೀರಿ? ನಾನು ಫಾದರ್ ಹತ್ರ ಕನ್ಫೆಷನ್ ಮಾಡ್ಬಿಟ್ಟಿದೀನಿ. ದೇವರ ಹತ್ರ ಸೆಟ್ಲ್ ಆಗಿದೆ. ಇನ್ನು ಅದು ನಂಗೂ ದೇವರಿಗೂ ಬಿಟ್ಟಿದ್ದು."

ಪಾಪ ನಿವೇದಿಸಿಕೊಂಡು ಇವನು ಬಟ್ಟೆ ಒಗೆದ ಹಾಗೆ ಶುದ್ಧನಾದ, ನನ್ನ ತಮ್ಮ ಮಾತ್ರ ಜೈಲಿನ ಲಾಂಡ್ರಿಯಲ್ಲಿ ಹಸಿರು ಅಂಗಿಗಳನ್ನು ಮಡಚುತ್ತಿದ್ದಾನೆ. ಏನು ಪಾಪ ಮಾಡಿದೆ ಎಂದು ಕೇಳಿದರೆ, "ನೀವು ರೆಕಾರ್ಡ್ ಮಾಡ್ತಿದೀರೇನೋ" ಎಂದು ನನ್ನ ಕೈಚೀಲ ನೋಡಿದ. ಅವನ ಮನೆಯ ನೀರನ್ನೂ ಮುಟ್ಟದೆ ಬಸ್ಸು ಹತ್ತಿದೆ.

ಅವನಾದರೂ ಕಳ್ಳ, ಕಳ್ಳನ ಹಾಗೆ ಮಾತಾಡಿದ. ನನಗೆ ಹೇಸಿಗೆಯಾದದ್ದು ಅದಕ್ಕಿಂತ ಮೊದಲು, ಜೂನಿನಲ್ಲಿ, ನಿನ್ನ ಎದುರು ಕುಳಿತಾಗ. ಅಡಿಲೇಡಿನವರೆಗೆ ಬಂದವಳನ್ನು ನೀನು ಮನೆಗೆ ಕರೆಯಲಿಲ್ಲ. ಪ್ರಾಸ್ಪೆಕ್ಟ್ ರೋಡಿನ ಕಾಫಿ ಅಂಗಡಿಗೆ ಬರಹೇಳಿದೆ, ಅಲ್ಲಿಯೂ ಬಾಗಿಲಿಗೆ ಬೆನ್ನು ಮಾಡಿ ಕುಳಿತೆ. 2019ರಲ್ಲಿ ನೀವೆಲ್ಲ ಇನ್ನೂ ಪರ್ತಿನಲ್ಲೇ ಇದ್ದಿರಿ. ಆ ಹಬ್ಬದ ದಿನ ಗ್ರೆಗರಿಯ ಹೆಂಡತಿ ಊರಿಗೆ ಹೋಗಿದ್ದಳೆಂದು ಅವನ ಮನೆಯಲ್ಲಿ ಹಬ್ಬದ ಅಡಿಗೆ ಮಾಡಿದವಳು ನೀನು. ತೊಂಡೆ, ಬೆಂಡೆ, ಕೆಸುವಿನ ದಂಟು ಎಂದು ಒಂಬತ್ತು ಬಗೆ. ಡ್ಯೂಟಿಯಲ್ಲಿದ್ದ ನನಗೂ ಸಂಜೆ ಡಬ್ಬಿ ತಂದುಕೊಟ್ಟಿದ್ದೆ. ಕಾಫಿ ತಣಿಯುವ ಮೊದಲೇ ನೀನೇ ಹೇಳಿದೆ, "ವೆಸ್ಲಿ ಆ ದಿನ ಬರ್ಲೇ ಇಲ್ಲ ಮಾರಾಯ್ತಿ. ಭಾವನೇ ಕುಡ್ಕೊಂಡು, ಕಾರು ವಾಪಸ್ ಕೊಡ್ತೀನಿ ಅಂತ ಹೊರಟದ್ದು."

ಹಾಗಾದರೆ ಅದನ್ನು ಬರೆದುಕೊಡು ಎಂದೆ. ನೀನು ಸಕ್ಕರೆಯ ಪೊಟ್ಟಣ ಹರಿಯುತ್ತಾ, "ನಮ್ಮನ್ನ ಆಗ ಯಾರೂ ಕೇಳ್ಲಿಲ್ವಲ್ಲ. ಈಗ ಹೇಳಿದ್ರೆ ರಯಾನ್ ತನ್ನ ಅಣ್ಣನ ವಿರುದ್ಧವೇ ಹೋದ ಹಾಗಾಗುತ್ತೆ. ಮಗಳ ಮದುವೆ ಮಾತು ಬೇರೆ ನಡೀತಿದೆ" ಎಂದೆ. ನಿನ್ನ ಗಂಡನಿಗೆ ಅಣ್ಣ ಬೇಕು, ಸರಿ. ನನಗೆ ತಮ್ಮ ಬೇಡವೇ? ನಿನ್ನ ಸೊಂಟದ ಮೇಲೆ ಕುಳಿತು ಬೆಳೆದ ಹುಡುಗ ಅವನು. ನನಗೆ ಎಳೆಯ ಮಗುವನ್ನು ಎತ್ತಲು ಬಾರದೆ ನಿನ್ನ ಕೈಗೆ ಕೊಡುತ್ತಿದ್ದೆ. ಅದೇ ಕೈಗೆ ಈಗ ಒಂದು ಸಹಿ ಹಾಕಲು ಆಗುವುದಿಲ್ಲ! ಸತ್ಯ ಗೊತ್ತಿದ್ದೂ ಸುಮ್ಮನೆ ಕೂರುವವರ ಬಗ್ಗೆ ನನಗೆ ಎಷ್ಟು ಅಸಹ್ಯವೆಂದರೆ, ಆ ದಿನದ ಕಾಫಿಯ ರುಚಿ ಇನ್ನೂ ನಾಲಿಗೆಯಿಂದ ಹೋಗಿಲ್ಲ.

ಕಳೆದ ತಿಂಗಳು ವೆಸ್ಲಿಯನ್ನು ನೋಡಿದೆ. ಕೂದಲು ಪೂರ್ತಿ ಬಿಳಿ. ಹಬ್ಬದ ವಿಷಯ ಹೇಳಿದಾಗ ಅವನು ಮೊದಲು ನಕ್ಕ, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತ. "ಅಕ್ಕಾ, ಇಷ್ಟು ವರ್ಷದಲ್ಲಿ ಯಾವ ಲಾಯರಿಗೂ ಹೊಳೀಲಿಲ್ಲ, ನಿಂಗೆ ಹೊಳೀತಲ್ಲ" ಎಂದು ನನ್ನ ಕೈ ಹಿಡಿದುಕೊಂಡ. ಈ ಮಂಗಳವಾರ ಚಿನ್ಮಯಿಯ ಆಫೀಸಿನಲ್ಲಿ ನಾನು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತೇನೆ. ಟ್ರಾನ್ಸ್‌ಕ್ರಿಪ್ಟ್ ಓದುವಾಗ ಈ ಸುಳ್ಳು ಕಣ್ಣಿಗೆ ಬಿತ್ತು ಎಂದು ಅದರಲ್ಲಿ ಬರೆದಿದೆ. ನಿನ್ನದೂ ಜೊತೆಗಿದ್ದರೆ ಹಿಯರಿಂಗ್ ಸಿಗುತ್ತದೆ ಎನ್ನುತ್ತಾಳೆ. ಯೋಚಿಸಬೇಡ, ಬಾ. ಯೋಚಿಸಿದರೆ ನೀನು ಬರುವವಳಲ್ಲ.

ಮಗಳಿಗೆ ಒಳ್ಳೆಯ ಮನೆ ಸಿಗಲಿ, ಅವಳಿಗೆ ನನ್ನ ತುಂಬು ಆಶೀರ್ವಾದ. ರಯಾನನಿಗೂ ದೇವರು ಆರೋಗ್ಯ ಕೊಡಲಿ. ನಿನ್ನ ಮೊಣಕಾಲು ಬೇಗ ಗಟ್ಟಿಯಾಗಲಿ, ವಿಮಾನ ಹತ್ತುವಷ್ಟಾದರೂ.

ಇನ್ನೂ ನಿನ್ನ ಗೆಳತಿ,
ಪ್ರೆಸಿಲ್ಲಾ

ತಾ.ಕ. 26 ಅಕ್ಟೋಬರ್. ಈ ಪತ್ರ ಒಂದು ವಾರ ಮೇಜಿನ ಮೇಲೆಯೇ ಬಿದ್ದಿತ್ತು. ಹರಿಯಲು ಹೊರಟೆ, ಆಗಲಿಲ್ಲ. ನಿನ್ನನ್ನು ಬೈದದ್ದೆಲ್ಲ ಹಾಗೇ ಇರಲಿ, ಅದರಲ್ಲಿ ಅರ್ಧ ನನಗೆ ಸಲ್ಲಬೇಕಾದದ್ದು.

ಮಂಗಳವಾರ ನಾನು ಪೆನ್ನು ಎತ್ತಿದಾಗ ಚಿನ್ಮಯಿ ತಡೆದಳು. "ಒಂದ್ನಿಮಿಷ ಆಂಟಿ. ಆ ಕಡೆ ಲಾಯರ್ ಇದನ್ನ ಕೇಳೇ ಕೇಳ್ತಾರೆ. ಗ್ರೆಗರಿ ಸಾಕ್ಷಿ ಹೇಳಿದ ದಿನ ನೀವು ಕೋರ್ಟಲ್ಲೇ ಇದ್ರಲ್ಲ, ಆಗ ಹೊಳೀಲಿಲ್ವಾ?"

ಹೊಳೆದಿತ್ತು, ಜಾಯ್ಲಿನ್. ಪೋರ್ಕ್ ಎಂಬ ಶಬ್ದ ಅವನ ಬಾಯಿಂದ ಬಿದ್ದ ಕ್ಷಣವೇ ಹೊಳೆದಿತ್ತು. ನೀನು ಕೊಟ್ಟ ಡಬ್ಬಿಯ ಊಟ ನನಗೆ ನೆನಪಿಲ್ಲದೆ ಇರುತ್ತದೆಯೇ? ನಾನು ಗ್ಯಾಲರಿಯಲ್ಲಿ ಸುಮ್ಮನೆ ಕುಳಿತಿದ್ದೆ. ನನ್ನ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟು, ಕುಡಿದ ಅಮಲಿನಲ್ಲಿ ಎಲ್ಲರೆದುರು ಬಿದ್ದವನು ಈ ವೆಸ್ಲಿ. ಅವನನ್ನು ಎತ್ತಿ, ತೊಳೆದು, ಮಲಗಿಸಿ ನನಗೆ ಸಾಕಾಗಿತ್ತು. ಹೇಗೂ ಇವನೇ ಮಾಡಿರಬೇಕು, ಒಂದೆರಡು ವರ್ಷ ಒಳಗಿದ್ದರೆ ಕುಡಿತವಾದರೂ ಬಿಡುತ್ತದೆ ಎಂದುಕೊಂಡೆ. ನ್ಯಾಯಾಧೀಶರು ಒಂಬತ್ತು ಎಂದರು. ಅಷ್ಟು ಹೊತ್ತಿಗೆ ಬಾಯಿ ತೆರೆದರೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆಂದು ಹೆದರಿದೆ.

ಚಿನ್ಮಯಿಗೆ ಎಲ್ಲ ಹೇಳಿದೆ. ಅವಳು ಪ್ರಮಾಣಪತ್ರವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಅಂದೇ ಗೊತ್ತಿದ್ದ ಮಾತನ್ನು ಇಂದು ಹೊಸದೆಂದು ಕೋರ್ಟಿಗೆ ಕೊಡಲಾಗದಂತೆ. ಇನ್ನು ಉಳಿದಿರುವುದು ಯಾರೂ ಕೇಳದ ನಿನ್ನ ಸಾಕ್ಷ್ಯ ಒಂದೇ.

ಗುರುವಾರ ವೆಸ್ಲಿಗೂ ಹೇಳಿದೆ. ಅವನು ಬೈಯಲಿಲ್ಲ. ಭೇಟಿಗೆ ಇನ್ನೂ ನಲವತ್ತು ನಿಮಿಷ ಇರುವಾಗಲೇ ಕುರ್ಚಿ ಒಳಗೆ ತಳ್ಳಿ ಎದ್ದುಹೋದ. ಮರುದಿನ ಚಿನ್ಮಯಿ ಫೋನ್ ಮಾಡಿ ತಿಳಿಸಿದಳು, ಭೇಟಿಗೆ ಬರುವವರ ಪಟ್ಟಿಯಿಂದ ಅವನು ನನ್ನ ಹೆಸರನ್ನು ತೆಗೆಸಿದ್ದಾನೆ, ನಿನ್ನ ಹೆಸರು ಬರೆಸಿದ್ದಾನೆ. ಯಾವ ದಿನದ ವಿಮಾನ ಎಂದಷ್ಟೇ ತಿಳಿಸು, ಜಾಯ್ಲಿನ್. ನಿಲ್ದಾಣದಿಂದ ಜೈಲಿನ ಗೇಟಿನವರೆಗೆ ನಾನು ಬಿಡುತ್ತೇನೆ. ಆಮೇಲೆ ಹೊರಗೆ ಕಾರಿನಲ್ಲಿ ಕುಳಿತಿರುತ್ತೇನೆ.